ಒತ್ತಡವೂ ವಿಶ್ರಾಂತಿಯೂ

ಕಾಡಿನಲ್ಲಿ ಅಲೆದು ಬದುಕುತ್ತಿದ್ದ ಆದಿಮಾನವನಿಗೆ ಕ್ರೂರಮೃಗವೊಂದು ಎದುರಾದಾಗ ಇದ್ದುದು ಎರಡೇ ಮಾರ್ಗ: ಸೆಣಸುವುದು, ಇಲ್ಲವೇ ಓಡಿ ಪಾರಾಗುವುದು. ಎರಡಕ್ಕೂ ಬೇಕಾದ ಶಕ್ತಿಯನ್ನು ದೇಹವು ಕ್ಷಣಾರ್ಧದಲ್ಲಿ ಒದಗಿಸುತ್ತಿತ್ತು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಸ್ರಾವವು ರಕ್ತದಲ್ಲಿ ಬೆರೆತೊಡನೆ ಎದೆಬಡಿತ ತೀವ್ರವಾಗುತ್ತದೆ, ಉಸಿರಾಟದ ವೇಗ ಹೆಚ್ಚುತ್ತದೆ, ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಅಪಾಯ ಕಳೆದ ಮೇಲೆ ದೇಹವು ಮೆಲ್ಲನೆ ಮೊದಲಿನ ಸ್ಥಿತಿಗೆ ಮರಳುತ್ತದೆ.

ಇಂದಿನ ಮಾನವನಿಗೆ ದಾರಿಯಲ್ಲಿ ಹುಲಿ ಎದುರಾಗುವುದು ಅಪರೂಪ. ಆದರೆ ಪರೀಕ್ಷೆ, ಸಾಲದ ಕಂತು, ಕಚೇರಿಯ ಗಡುವು, ನೆರೆಹೊರೆಯವರೊಡನೆ ಪೈಪೋಟಿ, ಮೊಬೈಲಿನ ಎಡೆಬಿಡದ ಕರೆ ಇವೆಲ್ಲವುಗಳಿಗೂ ದೇಹವು ಹುಲಿಯನ್ನು ಕಂಡಂತೆಯೇ ಸಜ್ಜಾಗುತ್ತದೆ. ಹುಲಿಯಾದರೋ ಬಂದು ಹೋಗುತ್ತಿತ್ತು. ಚಿಂತೆಯು ಹಾಗಲ್ಲ, ಉಣ್ಣುವಾಗಲೂ ಮಲಗುವಾಗಲೂ ಅದು ಬೆನ್ನು ಬಿಡದು. ಹೀಗೆ ಇಳಿಯದೆ ಉಳಿದ ಒತ್ತಡವೇ ಅನರ್ಥಕ್ಕೆ ಮೂಲ.

ಈ ಸತ್ಯದ ಕಡೆಗೆ ಜಗತ್ತಿನ ಗಮನ ಸೆಳೆದವನು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಅವನು ಇಲಿಗಳ ಮೇಲೆ ಪ್ರಯೋಗ ನಡೆಸಿದನು. ಕೆಲವನ್ನು ಚಳಿಗೆ ಒಡ್ಡಿದನು; ಕೆಲವನ್ನು ಅತಿಯಾಗಿ ದಣಿಸಿದನು; ಕೆಲವಕ್ಕೆ ಔಷಧಗಳನ್ನು ಚುಚ್ಚಿದನು. ಕಾರಣ ಬೇರೆಬೇರೆಯಾದರೂ ಪರಿಣಾಮ ಒಂದೇ ಬಗೆಯದಾಗಿತ್ತು: ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದುವು, ಜಠರದಲ್ಲಿ ಹುಣ್ಣಾಗಿತ್ತು. 1936ರಲ್ಲಿ ಅವನು ಇದನ್ನು ಪ್ರಕಟಿಸಿದನು. ದೇಹವು ಮೊದಲು ಎಚ್ಚರಗೊಳ್ಳುತ್ತದೆ, ಬಳಿಕ ಎದುರಿಸಿ ನಿಲ್ಲುತ್ತದೆ, ಒತ್ತಡ ಮುಂದುವರಿದರೆ ಕೊನೆಗೆ ಬಳಲಿ ಸೋಲುತ್ತದೆ ಎಂಬುದು ಅವನ ಸಿದ್ಧಾಂತ.

ಹಾಗೆಂದು ಒತ್ತಡವೆಲ್ಲವೂ ಕೆಡುಕಲ್ಲ. ಓಟದ ಸ್ಪರ್ಧೆಗೆ ನಿಂತವನ ಕಾಲಿಗೆ ಕಸುವು ತುಂಬುವುದೂ ವೇದಿಕೆಯೇರಿದ ಗಾಯಕಿಯ ಮನಸ್ಸನ್ನು ಚುರುಕುಗೊಳಿಸುವುದೂ ಅದೇ. ಉಳುವ ಎತ್ತಿಗೆ ನೊಗ ಬೇಕು. ಆದರೆ ಬಲ್ಲ ರೈತನು ಬಿಸಿಲೇರಿದೊಡನೆ ಕೊರಳು ಬಿಚ್ಚಿ, ನೀರು ಕುಡಿಸಿ, ನೆರಳಿಗೆ ಕಟ್ಟುತ್ತಾನೆ. ಎತ್ತಿಗೆ ತೋರುವ ಈ ಕರುಣೆಯನ್ನು ಮನುಷ್ಯನು ತನಗೆ ತಾನೇ ತೋರಲು ಮರೆಯುತ್ತಾನೆ.

ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಓದುವ ವಿದ್ಯಾರ್ಥಿಯು ಇದಕ್ಕೆ ನಿದರ್ಶನ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯ ನೆರವಿನಿಂದ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅಗತ್ಯ. ಅದನ್ನು ಕಳೆದುಕೊಂಡವನು ಓದಿದ್ದನ್ನೂ ಕಳೆದುಕೊಳ್ಳುತ್ತಾನೆ. ಪಾಠವನ್ನು ಅಂದಂದೇ ಸ್ವಲ್ಪಸ್ವಲ್ಪವಾಗಿ ಓದುವುದು, ಸಂಜೆ ಬಯಲಿನಲ್ಲಿ ಆಡುವುದು, ಎದೆ ಡವಗುಟ್ಟಿದಾಗ ಉಸಿರನ್ನು ನಿಧಾನವಾಗಿ ಹೊರಬಿಡುವುದು ಇವು ಖರ್ಚಿಲ್ಲದ ಉಪಾಯಗಳು.

ಹೊರಲಾರದ ಭಾರವನ್ನು ಒಬ್ಬನೇ ಹೊರಬೇಕೆಂಬ ನಿಯಮವೇನೂ ಇಲ್ಲ. ತಾಯಿತಂದೆಯರಲ್ಲಿ, ಗುರುಗಳಲ್ಲಿ, ಗೆಳೆಯರಲ್ಲಿ ಹೇಳಿಕೊಂಡರೆ ದುಃಖ ಹಗುರಾಗುತ್ತದೆ. ಅದೂ ಸಾಲದಾದಾಗ ವೈದ್ಯರ ನೆರವಿದೆ. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಕರೆಮಾಡಿ ಹಗಲಿರುಳೆನ್ನದೆ, ಕನ್ನಡದಲ್ಲಿಯೇ, ಉಚಿತವಾಗಿ ಸಲಹೆ ಪಡೆಯಬಹುದು. ಜ್ವರ ಬಂದಾಗ ಔಷಧ ಕೇಳುವುದು ಹೇಗೆ ನಾಚಿಕೆಯಲ್ಲವೋ ಮನಸ್ಸು ನೊಂದಾಗ ನೆರವು ಕೇಳುವುದೂ ಹಾಗೆಯೇ ನಾಚಿಕೆಯಲ್ಲ.

ದುಡಿಮೆಯಷ್ಟೇ ವಿಶ್ರಾಂತಿಯೂ ಬದುಕಿನ ಧರ್ಮ. ನೊಗವನ್ನು ಹೊರಲು ಕಲಿತವನು ಅದನ್ನು ಸಕಾಲದಲ್ಲಿ ಇಳಿಸಲೂ ಕಲಿಯಬೇಕು.