ಚಿತ್ರದ ಪಯಣ

ರೋಗಿಯಿರುವ ಊರು ಒಂದು, ತಜ್ಞವೈದ್ಯರಿರುವ ಊರು ಮತ್ತೊಂದು ಆದಾಗ, ನಡುವಣ ದೂರವೂ ರೋಗದಷ್ಟೇ ಅಪಾಯಕಾರಿಯಾಗಬಲ್ಲದು. ಈ ದೂರವನ್ನು ತಗ್ಗಿಸಲೆಂದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2001ರಲ್ಲಿ ದೂರವೈದ್ಯ ಯೋಜನೆಯನ್ನು ಪ್ರಾಯೋಗಿಕವಾಗಿ ಕೈಗೊಂಡಿತು. ಅದರ ಅಂಗವಾಗಿ 2002ರಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೂ ಉಪಗ್ರಹದ ಮೂಲಕ ಸಂಪರ್ಕ ಏರ್ಪಟ್ಟಿತು. ರೋಗಿಯು ಚಾಮರಾಜನಗರದಲ್ಲಿಯೇ ಉಳಿದನು. ಅವನ ಹೃದಯಬಡಿತದ ರೇಖೆಗಳೂ ಎಕ್ಸ್‌ರೇ ಚಿತ್ರಗಳೂ ಬೆಂಗಳೂರಿನ ತಜ್ಞರ ಕಣ್ಣೆದುರಿಗೆ ಬಂದವು.

ಹೀಗೆ ಬರುವ ಚಿತ್ರದ ಒಂದು ಮೂಲೆ ಹಾದಿಯಲ್ಲಿ ಕಳೆದುಹೋದರೆ ಗತಿಯೇನು? ರೋಗದ ಗುರುತು ಆ ಮೂಲೆಯಲ್ಲಿಯೇ ಇದ್ದರೆ? ಹಾಗಾಗದಂತೆ ಗಣಕಯಂತ್ರಗಳು ಪಾಲಿಸುವ ನಿಯಮಗಳು ಅರಿಯತಕ್ಕವಾಗಿವೆ.

ಗಣಕಯಂತ್ರಕ್ಕೆ ಚಿತ್ರವೆಂಬುದು ಕೇವಲ ಅಂಕಿಗಳ ಸಾಲು. ಚಿತ್ರವನ್ನು ಸಣ್ಣ ಸಣ್ಣ ಬಿಂದುಗಳಾಗಿ ವಿಂಗಡಿಸಿ, ಒಂದೊಂದು ಬಿಂದುವಿನ ಕಪ್ಪು ಬಿಳುಪಿನ ಛಾಯೆಗೂ ಒಂದೊಂದು ಅಂಕಿಯನ್ನು ಕೊಡಲಾಗುತ್ತದೆ. 256 ಛಾಯೆಗಳಿಗೆ ಪ್ರತಿ ಬಿಂದುವಿಗೆ ಒಂದು ಬೈಟು ಸಾಕು. ಉದ್ದಕ್ಕೆ 1,000, ಅಗಲಕ್ಕೆ 1,000 ಬಿಂದುಗಳುಳ್ಳ ಚಿತ್ರವೆಂದರೆ 10 ಲಕ್ಷ ಬೈಟುಗಳಾದವು.

ಇದನ್ನು ಕಳುಹಿಸಲು ಎರಡು ಯಂತ್ರಗಳ ನಡುವೆ ಒಂದು ದಾರಿ ಬೇಕು. ಆ ದಾರಿಯ ಎರಡು ತುದಿಗಳಿಗೆ ‘ಸಾಕೆಟ್’ ಎಂದು ಹೆಸರು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು 1983ರಲ್ಲಿ ಹೊರತಂದ ಯುನಿಕ್ಸ್ ವ್ಯವಸ್ಥೆಯಿಂದ ಈ ಏರ್ಪಾಡು ಬಳಕೆಗೆ ಬಂದಿತು. ಪಡೆಯುವ ಯಂತ್ರವು ತನ್ನ ಸಾಕೆಟ್ಟನ್ನು ತೆರೆದು ಕಾದಿರುತ್ತದೆ. ಕಳುಹಿಸುವ ಯಂತ್ರವು ಅದರ ವಿಳಾಸವನ್ನೂ, ‘ಪೋರ್ಟ್’ ಎಂಬ ಬಾಗಿಲಿನ ಸಂಖ್ಯೆಯನ್ನೂ ಹೇಳಿ ಸಂಪರ್ಕ ಬೇಡುತ್ತದೆ. ಇನ್ನೊಂದು ತುದಿಯು ಒಪ್ಪಿದ ಮೇಲೆಯೇ ಮಾತುಕತೆ.

ಚಿತ್ರವು ಒಮ್ಮೆಗೇ ಸಾಗುವುದಿಲ್ಲ. ಸಾಮಾನ್ಯವಾದ ಈಥರ್‌ನೆಟ್ ಜಾಲದಲ್ಲಿ ಒಂದು ಕಟ್ಟು ಹೊರಬಲ್ಲ ಹೊರೆ ಹೆಚ್ಚೆಂದರೆ 1,460 ಬೈಟು. ಆದುದರಿಂದ ಮೇಲೆ ಹೇಳಿದ ಚಿತ್ರವು 685 ಕಟ್ಟುಗಳಾಗಿ ಹೊರಡಬೇಕು. ಟಿ.ಸಿ.ಪಿ. ಎಂಬ ನಿಯಮಾವಳಿಯು ಈ ಕಟ್ಟುಗಳಿಗೆ ಕ್ರಮಸಂಖ್ಯೆ ಕೊಡುತ್ತದೆ. ತಲುಪಿದ್ದಕ್ಕೆ ರಶೀದಿ ಪಡೆಯುತ್ತದೆ. ರಶೀದಿ ಬಾರದಿದ್ದರೆ ಅದೇ ಕಟ್ಟನ್ನು ಮತ್ತೊಮ್ಮೆ ಕಳುಹಿಸುತ್ತದೆ. ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಲೇಖನವು ಇದಕ್ಕೆ ತಳಹದಿ.

ಆದರೆ ಟಿ.ಸಿ.ಪಿ.ಗೆ ಚಿತ್ರದ ಪರಿವೆಯಿಲ್ಲ. ಅದು ಬೈಟುಗಳನ್ನು ಹೊಳೆಯ ನೀರಿನಂತೆ ಒಂದೇ ಸಮನೆ ಹರಿಸುತ್ತದೆ. ಚಿತ್ರವು ಎಲ್ಲಿ ಮುಗಿಯಿತೆಂದು ಹೇಳುವುದಿಲ್ಲ. ಪಡೆಯುವವನು ಒಮ್ಮೆ ಮೊಗೆದಾಗ ನಾಲ್ಕು ಸಾವಿರ ಬೈಟು ಸಿಗಬಹುದು, ನಾನೂರೂ ಸಿಗಬಹುದು. ಮೊದಲ ಬೊಗಸೆಯನ್ನೇ ಇಡೀ ಚಿತ್ರವೆಂದು ಬಗೆದರೆ ಮೇಲಿನ ಕೆಲವು ಸಾಲುಗಳು ಮಾತ್ರ ಕೈಗೆ ಬಂದು, ಉಳಿದುದೆಲ್ಲ ಬರಿದಾಗುತ್ತದೆ.

ರಾಗಿಯ ಮೂಟೆಗಳನ್ನು ಗಾಡಿಗೆ ಹೇರಿ ಪೇಟೆಗೆ ಕಳುಹಿಸುವ ರೈತನು ‘ಇಷ್ಟು ಮೂಟೆ’ ಎಂದು ಚೀಟಿ ಬರೆದುಕೊಡುತ್ತಾನೆ. ಮಂಡಿಯವನು ಚೀಟಿ ನೋಡಿ ಎಣಿಸಿ ಇಳಿಸಿಕೊಳ್ಳುತ್ತಾನೆ. ಚಿತ್ರಕ್ಕೂ ಇದೇ ಕ್ರಮ. ಕಳುಹಿಸುವ ಯಂತ್ರವು ಮೊದಲು ಬೈಟುಗಳ ಸಂಖ್ಯೆಯನ್ನು ತಿಳಿಸಬೇಕು; ಪಡೆಯುವ ಯಂತ್ರವು ಅಷ್ಟು ಸಂಖ್ಯೆ ತುಂಬುವವರೆಗೂ ಮೊಗೆಯುತ್ತಲೇ ಇರಬೇಕು. ನಡುವೆ ಸಂಪರ್ಕ ಕಡಿದರೆ, ಬಂದಷ್ಟನ್ನೇ ಪೂರ್ಣಚಿತ್ರವೆಂದು ತೋರಿಸಬಾರದು.

ಅಂಕಿಗಳನ್ನು ಓದುವ ಕ್ರಮದಲ್ಲಿಯೂ ಒಮ್ಮತ ಬೇಕು. ಎಕ್ಸ್‌ರೇ ಚಿತ್ರಗಳಲ್ಲಿ ಛಾಯೆಗಳು 256ಕ್ಕಿಂತ ಹೆಚ್ಚಿರುವುದುಂಟು. ಆಗ ಬಿಂದುವಿಗೆ ಎರಡು ಬೈಟು ಬೇಕು. 300 ಎಂಬ ಸಂಖ್ಯೆಯು 1 ಮತ್ತು 44 ಎಂಬ ಎರಡು ಬೈಟುಗಳಾಗುತ್ತದೆ. ಮೊದಲಿನದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿದರೆ 300. ಇವನ್ನೇ ಹಿಂದುಮುಂದಾಗಿ ಓದಿದರೆ 11,265 ಆಗುತ್ತದೆ! ಒಂದು ಬೈಟೂ ಕಳೆದುಹೋಗದೆ ಚಿತ್ರ ಕೆಟ್ಟುಹೋಗುವ ಬಗೆ ಇದು.

ವೈದ್ಯಕೀಯ ಚಿತ್ರಗಳಿಗಾಗಿ ಇಂಥ ಒಪ್ಪಂದವನ್ನು ರೂಪಿಸಲು ಅಮೆರಿಕದಲ್ಲಿ ಎಕ್ಸ್‌ರೇ ತಜ್ಞರೂ ಉಪಕರಣ ತಯಾರಕರೂ ಒಂದುಗೂಡಿದರು. ಅವರ ಮೊದಲ ನಿಯಮಾವಳಿ ಹೊರಬಂದುದು 1985ರಲ್ಲಿ. ಜಾಲಗಳ ಮೂಲಕ ಚಿತ್ರ ಕಳುಹಿಸುವ ವಿಧಾನವನ್ನು ಒಳಗೊಂಡು 1993ರಲ್ಲಿ ಅದು ‘ಡೈಕಾಮ್’ ಎಂಬ ಹೆಸರು ತಳೆಯಿತು. ಚಿತ್ರದ ಸಾಲುಗಳೆಷ್ಟು, ಪ್ರತಿ ಸಾಲಿನಲ್ಲಿ ಬಿಂದುಗಳೆಷ್ಟು ಎಂಬುದು ಚಿತ್ರದೊಡನೆಯೇ ಬರುತ್ತದೆ. ಎಲ್ಲವನ್ನೂ ಪಡೆದ ಮೇಲೆ ಆಚೆಯ ಯಂತ್ರವು ಉತ್ತರ ಕೊಡಬೇಕು. ಟಿ.ಸಿ.ಪಿ.ಯ ರಶೀದಿಯು ಕಟ್ಟು ಬಾಗಿಲಿಗೆ ಮುಟ್ಟಿತೆಂಬುದಕ್ಕೆ ಮಾತ್ರ ಸಾಕ್ಷಿ. ಚಿತ್ರವನ್ನು ಸ್ವೀಕರಿಸಲಾಯಿತೆಂಬುದಕ್ಕೆ ಈ ಉತ್ತರವೇ ಸಾಕ್ಷಿ. ಉತ್ತರದಲ್ಲಿ ಸೊನ್ನೆಯಿದ್ದರೆ ಕಾರ್ಯ ಸಫಲವಾಯಿತೆಂದು ಅರ್ಥ. ಪರೀಕ್ಷೆಯಲ್ಲಿ ಯಾರೂ ಬಯಸದ ಸೊನ್ನೆಯು ಇಲ್ಲಿ ಎಲ್ಲರೂ ಹಾರೈಸುವ ಅಂಕಿ!

ಹೀಗೆ, ಕಳುಹಿಸಿದವನು ಕೈತೊಳೆದುಕೊಂಡರೆ ಕೆಲಸ ಮುಗಿಯದು. ಇಷ್ಟು ಕಳುಹಿಸುತ್ತೇನೆಂದು ಮುಂಚಿತವಾಗಿ ಹೇಳುವುದು, ಅಷ್ಟೂ ಬಂದಿತೇ ಎಂದು ಎಣಿಸುವುದು, ಬಂದಿತೆಂದು ತಿಳಿಸುವುದು – ಈ ಮೂರೂ ಕೂಡಿದಾಗಲೇ ದೂರದ ವೈದ್ಯನು ತನ್ನ ಮುಂದಿರುವ ಚಿತ್ರವನ್ನು ನಂಬಿ ಚಿಕಿತ್ಸೆಯನ್ನು ನಿರ್ಧರಿಸಬಲ್ಲನು.