ಹಳೆಯ ಗಣಕದಲ್ಲಿ ಪಂಪಿನ ತಂತ್ರಾಂಶವು ಕೆಟ್ಟರೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳಲ್ಲಿ ಪಿ.ಎಲ್.ಸಿ. ಪೆಟ್ಟಿಗೆಯಿಂದ ಪಂಪನ್ನಾಗಲಿ ಹತ್ತಿಯ ಜಿನ್ನನ್ನಾಗಲಿ ನಡೆಯಿಸುವ ಮಹನೀಯರು ಇದನ್ನು ಲಕ್ಷಿಸತಕ್ಕದ್ದು.

2014ನೆಯ ಇಸವಿ ಏಪ್ರಿಲ್ 8ರಂದು ತಯಾರಕರ ಬೆಂಬಲ ನಿಂತ ವಿಂಡೋಸ್ ಎಕ್ಸ್‌ಪಿ ಗಣಕದಲ್ಲಿ ಕ್ರಮವಿಧಿ ಬರೆಯುವ ತಂತ್ರಾಂಶವು ಪದೇ ಪದೇ ಮುಚ್ಚಿಹೋದರೂ ಪಂಪು ನಿಲ್ಲದು. ನಡೆಯುವ ಕ್ರಮವಿಧಿಯು ಪೆಟ್ಟಿಗೆಯಲ್ಲಿಯೇ ಇರುವುದು.

ತಂತ್ರಾಂಶವನ್ನು ಅಳಿಸುವ ಮೊದಲು ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದಿಡಬೇಕು. ಇಲ್ಲವಾದರೆ ಮೂಲವೂ ಪರವಾನಗಿಯೂ ನಷ್ಟವಾದಾವು. ಬಳಿಕ ಕೇಬಲನ್ನು ಬಿಚ್ಚಿ ತಂತ್ರಾಂಶವನ್ನು ತೆರೆದು ನೋಡುವುದು. ಆಗ ನಿಂತರೆ ದೋಷವು ಬಹುಶಃ ಕೇಬಲಿನ ಡ್ರೈವರಿನದು. ಆಗಲೂ ಮುಚ್ಚಿದರೆ ಡಿಸ್ಕಿನಲ್ಲಿ ತೆರಪಿದೆಯೇ, ಡಿಸ್ಕು ಕೆಟ್ಟಿದೆಯೇ ಎಂದು ಪರೀಕ್ಷಿಸತಕ್ಕದ್ದು. ಕಡೆಯ ಉಪಾಯವೆಂದರೆ, ಹೊಸ ಗಣಕದ ವರ್ಚುವಲ್ ಯಂತ್ರದಲ್ಲಿ ಆ ಪ್ರತಿಯನ್ನು ನಡೆಯಿಸುವುದು. ಅದಕ್ಕೆ ಅಂತರ್ಜಾಲದ ಸಂಪರ್ಕ ಕೂಡದು.

ಹಳೆಯ ಕೆಲವು ಪೆಟ್ಟಿಗೆಗಳು ಕ್ರಮವಿಧಿಯನ್ನು ಬ್ಯಾಟರಿಯಿಂದ ಉಳಿಸಿಕೊಳ್ಳುವುವು. ಬ್ಯಾಟರಿ ಬರಿದಾಗಿ ವಿದ್ಯುತ್ತೂ ಹೋದರೆ ಅದು ಅಳಿಯುವುದು. ಪ್ರತಿಯಿಲ್ಲದವರ ಪೈರು ಒಣಗುವುದು ಆಗಲೇ.