ಡ್ರೈವರ್ ಬರೆಯುವವರಿಗೆ

ಲಿನಕ್ಸ್ ಕರ್ನಲ್‌ನಲ್ಲಿ ಯಂತ್ರಾಂಶದ ಡ್ರೈವರ್ ರಚಿಸಲು ಉದ್ಯುಕ್ತರಾದ ತರುಣ ಮಿತ್ರರೆ, ಸಿಸ್‌ಎಫ್‌ಎಸ್ ಕಡತದ ಮೂಲಕ ಬಳಕೆದಾರನು ಕಳುಹಿಸಿದ ಅಂಕಿಯನ್ನು, ಅದು ಫ್ಯಾನಿನ ವೇಗವೇ ಆಗಲಿ ದೀಪದ ಪ್ರಕಾಶವೇ ಆಗಲಿ, ಅಕ್ಷರಕ್ಕೆ ಅಕ್ಷರವಾಗಿ ನೀವೇ ಬಿಡಿಸಿ ಓದುವ ಸಾಹಸಕ್ಕೆ ಕೈಹಾಕದಿರಿ. ಕೆ-ಸ್ಟರ್-ಟು-ಯು8 ಎಂಬ ಸಿದ್ಧ ಫಂಕ್ಷನ್, ಕೊನೆಯ ಹೊಸಸಾಲಿನ ಚಿಹ್ನೆಯೊಂದನ್ನು ಮನ್ನಿಸಿ, ಅಂಕಿಯ ಬೆನ್ನಿಗಂಟಿದ ಅಸಂಬದ್ಧ ಅಕ್ಷರಗಳನ್ನು ತಿರಸ್ಕರಿಸಿ, 255ನ್ನು ಮೀರಿದುದಕ್ಕೆ ವ್ಯಾಪ್ತಿದೋಷವನ್ನು ಸೂಚಿಸುವುದು. ಹಳೆಯ ಸಿಂಪಲ್-ಸ್ಟರ್-ಟು-ಯುಎಲ್ ಆದರೋ ಇಂಥ ಅತಿಕ್ರಮಣವನ್ನು ಗಮನಿಸುವುದೇ ಇಲ್ಲ. ದಶಮಾನವೇ ಬೇಕಾದಲ್ಲಿ ಆಧಾರಸಂಖ್ಯೆಯನ್ನು 10 ಎಂದೇ ಕೊಡಿ. 0 ಕೊಟ್ಟಿರೆಂದರೆ, ಪಾಪ, ಬಳಕೆದಾರನು ಬರೆದ 010 ಎಂಬುದು ಅಷ್ಟಮಾನದಲ್ಲಿ 8 ಆಗಿಬಿಡುವುದು. ಮರಳಿ ಬಂದ ದೋಷಸಂಖ್ಯೆಯನ್ನು ಬದಲಿಸದೆ ಹಾಗೆಯೇ ಹಿಂದಿರುಗಿಸಿ. ಇನ್ನು ಯಂತ್ರವು 100ರವರೆಗೆ ಮಾತ್ರ ಸಹಿಸುವುದಾದರೆ ಆ ಮಿತಿಯನ್ನು ರಿಜಿಸ್ಟರಿಗೆ ಬರೆಯುವ ಮುನ್ನವೇ ನೀವು ಪರೀಕ್ಷಿಸಬೇಕು, ಫಂಕ್ಷನ್ ಅದನ್ನರಿಯದು.